ಕಾರನ್ನು ಎತ್ತರಿಸುವವರೊಡನೆ ಒಂದು ತಕರಾರು

ಈಚಿನ ವರ್ಷಗಳಲ್ಲಿ ನನ್ನನ್ನು ಕಾಣಲು ಬರುವ ಹಳೆಯ ವಿದ್ಯಾರ್ಥಿಗಳಾಗಲಿ, ಹಬ್ಬಹರಿದಿನಗಳಲ್ಲಿ ಒಟ್ಟುಗೂಡುವ ಬಂಧುಗಳಾಗಲಿ, ಕುಶಲಪ್ರಶ್ನೆ ಮುಗಿದು ಕಾಫಿ ಬರುವಷ್ಟರಲ್ಲಿ ಒಂದು ವಿಷಯವನ್ನು ತಪ್ಪದೆ ಎತ್ತುತ್ತಾರೆ. “ಸರ್, ಹಂಪ್ ದಾಟುವಾಗ ಕಾರಿನ ತಳ ಉಜ್ಜುತ್ತದೆ. ಶಾಕ್ ಅಬ್ಸಾರ್ಬರ್ ಬದಲಾಯಿಸಿ ಒಂದಿಂಚು ಎತ್ತರ ಮಾಡಿಸಿಬಿಡೋಣ ಅಂತಿದ್ದೇನೆ. ವಿಜ್ಞಾನದ ಮೇಷ್ಟ್ರು ನೀವು, ಏನು ಹೇಳುತ್ತೀರಿ?” ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಇಂದೇ ಬದಲಾಯಿಸು, ಕಾರನ್ನು ಮಾತ್ರ ಎತ್ತರಿಸಬೇಡ ಎಂದು ನಾನು ಹೇಳುತ್ತೇನೆ. ಅವರು ವಿನಯದಿಂದ ತಲೆಯಾಡಿಸುತ್ತಾರೆ. ಮುಂದಿನ ಸಲ ಬರುವಾಗ ಕಾರು ಬಕಪಕ್ಷಿಯಂತೆ ಕಾಲು ನೀಡಿ ನಿಂತಿರುತ್ತದೆ! ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ಇರುವ ವ್ಯತ್ಯಾಸ ತಿಳಿಯದ್ದಲ್ಲ. ಆದುದರಿಂದ ನನ್ನ ತಕರಾರನ್ನು ಸವಿಸ್ತಾರವಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಓದಿದ ಮೇಲೂ ಎತ್ತರಿಸುವವರು ಎತ್ತರಿಸಲಿ, ಆದರೆ ತಿಳಿಯದೆ ಮಾಡಿದೆವೆಂದು ಹೇಳುವಂತಿಲ್ಲ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ‘ಶಾಕಪ್ಸರ್’ ಎಂದು ಕರೆಸಿಕೊಳ್ಳುವ ಆ ಕೊಳವೆ ಸಾಮಾನ್ಯವಾಗಿ ವಾಹನದ ಭಾರವನ್ನು ಹೊರುವುದಿಲ್ಲ. ಭಾರವನ್ನು ಹೊರುವುದು ಸ್ಪ್ರಿಂಗು. ಕಾರಿನಲ್ಲಿ ಸುರುಳಿ, ಲಾರಿ ಟೆಂಪೋಗಳಲ್ಲಿ ಕಮಾನು ಪಟ್ಟಿ. ಶಾಕ್ ಅಬ್ಸಾರ್ಬರ್ ಮಾಡುವ ಕೆಲಸವೇ ಬೇರೆ. ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ಆಡುವ ಒಂದು ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳು ಮತ್ತು ಕವಾಟಗಳು. ಚಕ್ರ ಏರಿಳಿದಾಗ ಎಣ್ಣೆ ಆ ರಂಧ್ರಗಳ ಮೂಲಕ ನುಸುಳಬೇಕಾಗುತ್ತದೆ. ನುಸುಳುವ ಶ್ರಮದಲ್ಲಿ ಚಲನಶಕ್ತಿಯು ಉಷ್ಣವಾಗಿ ಮಾರ್ಪಟ್ಟು ಗಾಳಿಗೆ ಸೇರಿಹೋಗುತ್ತದೆ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲಾಗದು, ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸಬಹುದು ಎಂದು ನನ್ನ ತರಗತಿಯಲ್ಲಿ ರಾಗವಾಗಿ ಒಪ್ಪಿಸುತ್ತಿದ್ದಿರಲ್ಲ, ಅದು ಇದೇ. ಸ್ಪ್ರಿಂಗು ತಾನಾಗಿಯೇ ಬಿಟ್ಟರೆ ಉಯ್ಯಾಲೆಯಂತೆ ಆಡುತ್ತಲೇ ಇರುತ್ತದೆ. ಆ ಆಟವನ್ನು ತಡೆದು ಟಯರನ್ನು ನೆಲಕ್ಕೆ ಅಂಟಿಸಿ ಇಡುವುದು ಈ ಕೊಳವೆಯ ಧರ್ಮ.

ಹೀಗಾಗಿ ಶಾಕ್ ಅಬ್ಸಾರ್ಬರ್ ಹಾಳಾದರೆ ಕಾರು ತಗ್ಗುವುದಿಲ್ಲ, ಕುಣಿಯುತ್ತದೆ. ಪರೀಕ್ಷೆಗೆ ಮೆಕ್ಯಾನಿಕ್ ಬೇಕಿಲ್ಲ. ನಿಂತ ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಮೇಲೆದ್ದು, ಒಮ್ಮೆ ಕೊಂಚ ಕುಸಿದು ನಿಂತರೆ ಸರಿ. ಮೂರು ನಾಲ್ಕು ಬಾರಿ ಕುಣಿದರೆ, ಅಥವಾ ಕೊಳವೆಯ ಮೈಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದರೆ, ಅದರ ಕಾಲ ಮುಗಿಯಿತು. ಒಂದು ಅಚ್ಚಿನ ಎರಡನ್ನೂ ಒಟ್ಟಿಗೆ, ತಯಾರಕರು ಹೇಳಿದ ಬಗೆಯದನ್ನೇ ಹಾಕಿಸಬೇಕು. ಇದಕ್ಕೆ ಖರ್ಚು ಮಾಡಲು ಹಿಂದೆಮುಂದೆ ನೋಡುವವನು ಬ್ರೇಕಿಗೂ ಹಿಂದೆಮುಂದೆ ನೋಡುವವನೇ, ಏಕೆಂದರೆ ನೆಲ ಬಿಟ್ಟ ಟಯರಿಗೆ ಬ್ರೇಕಿದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಇಷ್ಟರವರೆಗೆ ನನಗೂ ನಿಮಗೂ ಜಗಳವಿಲ್ಲ.

ಜಗಳವಿರುವುದು ಎತ್ತರಿಸುವ ವಿಚಾರದಲ್ಲಿ. ಅದು ನಡೆಯುವ ಬಗೆಯನ್ನು ಬಂಗಾರಪೇಟೆಯ ಒಂದು ಗ್ಯಾರೇಜಿನಲ್ಲಿ ಕುಳಿತು ಕಣ್ಣಾರೆ ಕಂಡಿದ್ದೇನೆ. ಗ್ಯಾರೇಜಿನ ಒಡೆಯ ನನ್ನ ಹಳೆಯ ವಿದ್ಯಾರ್ಥಿ. ಅತ್ಯಂತ ಅಗ್ಗದ ಉಪಾಯವೆಂದರೆ ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಬಳೆಯೊಂದನ್ನು ತುರುಕುವುದು. ‘ಬಫರ್’ ಎಂದು ಅದರ ಹೆಸರು. ಅದು ಏನು ಮಾಡುತ್ತದೆ? ಒಂದು ಸುತ್ತನ್ನು ಕಟ್ಟಿಹಾಕುತ್ತದೆ. ಸುರುಳಿಯ ಕ್ರಿಯಾಶೀಲ ಸುತ್ತುಗಳು ಕಡಿಮೆಯಾದಷ್ಟೂ ಅದರ ಬಿಗಿತ ಹೆಚ್ಚುತ್ತದೆ. ಐದು ಸುತ್ತಿನ ಸ್ಪ್ರಿಂಗು ನಾಲ್ಕರದಾದರೆ ಬಿಗಿತ ಕಾಲು ಭಾಗ ಏರಿತು. ಆದರೆ ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯ ಬಿಗಿತಕ್ಕೆ ಹೊಂದಿಸಿದ್ದೇ ಉಳಿಯಿತು. ಇನ್ನೊಂದು ಉಪಾಯ, ಸ್ಪ್ರಿಂಗಿನ ಪೀಠದ ಕೆಳಗೆ ಬಿಲ್ಲೆ ಇಡುವುದು. ಆಗ ಶಾಕ್ ಅಬ್ಸಾರ್ಬರಿನ ಕೊಳವೆ ನಿಂತಲ್ಲೇ ಅರ್ಧ ಹಿಗ್ಗಿರುತ್ತದೆ. ಗುಂಡಿಗೆ ಚಕ್ರ ಇಳಿದಾಗ ಇಳಿಯಲು ಜಾಗ ಸಾಲದೆ ‘ಟಕ್’ ಎಂದು ಬಡಿಯುತ್ತದೆ. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಒಯ್ಯುವ ದಂಡಗಳು ಹೆಚ್ಚಿನ ಕೋನದಲ್ಲಿ ತಿರುಗಬೇಕಾಗಿ ಅವುಗಳ ಕೀಲು ಬೇಗ ಸವೆಯುತ್ತದೆ. ಚಕ್ರಗಳ ಜೋಡಣೆಯ ಕೋನ ಬದಲಾಗಿ ಟಯರು ಒಂದು ಮಗ್ಗುಲಿಗೆ ಸವೆಯುತ್ತದೆ. ಮುಂಭಾಗವನ್ನಷ್ಟೇ ಎತ್ತಿದರಂತೂ ಹೆಡ್‌ಲೈಟು ರಸ್ತೆಯನ್ನು ಬಿಟ್ಟು ಎದುರು ಬರುವ ಮೊಪೆಡ್ ಸವಾರನ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಗುರುತ್ವಕೇಂದ್ರ. ಇಲ್ಲಿ ಉತ್ಪ್ರೇಕ್ಷೆ ಮಾಡಬಾರದು. ಮನೆಯ ಕಾರನ್ನು ಒಂದಿಂಚು ಎತ್ತರಿಸಿದೊಡನೆ ಅದು ಮಗುಚಿಕೊಳ್ಳುವುದಿಲ್ಲ. ಆದರೆ ನಮ್ಮ ಕೋಲಾರ ಜಿಲ್ಲೆಯಲ್ಲಿ ಟೊಮ್ಯಾಟೊ ಹೇರುವ ಸಣ್ಣ ಟೆಂಪೋಗಳಿಗೆ ಹೆಚ್ಚುವರಿ ಪಟ್ಟಿ ಸೇರಿಸಿ ಎತ್ತರಿಸುತ್ತಾರಲ್ಲ, ಅದರ ಲೆಕ್ಕವನ್ನು ನೋಡಿ. ಎರಡು ಚಕ್ರಗಳ ನಡುವಣ ಅಗಲ 1.4 ಮೀಟರ್, ಖಾಲಿ ಗಾಡಿಯ ಗುರುತ್ವಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. 45 ಡಿಗ್ರಿ ವಾಲಿದರೆ ಮಗುಚುತ್ತದೆ. ಹದಿನೈದು ಕಿಲೋ ತೂಗುವ ಪೆಟ್ಟಿಗೆಗಳನ್ನು ಗೋಪುರದಂತೆ ಪೇರಿಸಿ ಕೇಂದ್ರವನ್ನು ಒಂದು ಮೀಟರಿಗೆ ಏರಿಸಿದರೆ 35 ಡಿಗ್ರಿ ಸಾಕು. ಅದರ ಮೇಲೆ ಪಟ್ಟಿ ಸೇರಿಸಿ ಎರಡಿಂಚು ಎತ್ತಿದರೆ ಇನ್ನೊಂದು ಡಿಗ್ರಿಗೂ ಹೆಚ್ಚು ಹೋಯಿತು. ಒಂದು ಡಿಗ್ರಿಯೆಂದು ನಗುವಿರಾ? ನಿಂತ ಗಾಡಿಯ ಲೆಕ್ಕವಿದು. ತಿರುವಿನಲ್ಲಿ ಓಡುವ ಗಾಡಿ ತಾನಾಗಿಯೇ ಹೊರಕ್ಕೆ ವಾಲಿರುತ್ತದೆ. ಸಾಲದ್ದಕ್ಕೆ, ಹೆಚ್ಚು ಪಟ್ಟಿಯಿದೆಯೆಂಬ ಧೈರ್ಯಕ್ಕೆ ಪೆಟ್ಟಿಗೆಗಳ ಇನ್ನೊಂದು ಸಾಲು ಏರುತ್ತದೆ!

ಇವೆಲ್ಲ ಯಂತ್ರದ ಮಾತಾಯಿತು. ನನ್ನ ನಿಜವಾದ ತಕರಾರು ಬೇರೆಯದು. ಎಲ್ಲ ಬಿಟ್ಟು ಕಾರನ್ನು ಏಕೆ ಎತ್ತರಿಸಬೇಕಾಗಿದೆ? ‘ಹಂಪ್ ತಾಗುತ್ತದೆ’ ಎನ್ನುತ್ತೀರಿ. ಯಾವ ಹಂಪ್?

ರಸ್ತೆಯುಬ್ಬು ಹೇಗಿರಬೇಕೆಂಬುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಿದೆ. ಐಆರ್‌ಸಿ 99 ಎಂಬುದು ಅದರ ಸಂಖ್ಯೆ. 1988ರಲ್ಲಿ ಮೊದಲು ಬಂದು 2018ರಲ್ಲಿ ಪರಿಷ್ಕೃತವಾಯಿತು. ದುಂಡನೆಯ ಉಬ್ಬಿಗೆ 1988ರ ಪುಸ್ತಿಕೆ ಹೇಳಿದ ಅಳತೆ ಇದು: ವೃತ್ತದ ತ್ರಿಜ್ಯ 17 ಮೀಟರ್, ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹಿತವಾಗಿ ದಾಟಿಹೋಗಲು ಈ ಲೆಕ್ಕ. ಮೂರೂ ಸಂಖ್ಯೆಗಳು ಪರಸ್ಪರ ಹೊಂದುತ್ತವೆಯೇ ಎಂದು ಹತ್ತನೆಯ ತರಗತಿಯ ರೇಖಾಗಣಿತದಿಂದಲೇ ತಾಳೆ ನೋಡಬಹುದು. ಜ್ಯಾದ ಅರ್ಧ 1.85, ಅದರ ವರ್ಗ 3.42, ತ್ರಿಜ್ಯದ ಎರಡರಷ್ಟಾದ 34ರಿಂದ ಭಾಗಿಸಿ. 0.10 ಮೀಟರ್. ಸರಿಹೋಯಿತು.

ಈಗ ಈ ಉಬ್ಬಿನ ಮೇಲೆ ನಿಮ್ಮ ಸಣ್ಣ ಕಾರನ್ನು ಕಲ್ಪಿಸಿಕೊಳ್ಳಿ. ಮುಂದಿನ ಹಿಂದಿನ ಅಚ್ಚುಗಳ ನಡುವೆ ಸುಮಾರು 2.4 ಮೀಟರ್. ಉಬ್ಬೇ 3.7 ಮೀಟರ್ ಅಗಲವಿರುವುದರಿಂದ ನಾಲ್ಕೂ ಚಕ್ರಗಳು ಒಟ್ಟಿಗೆ ಅದರ ಬೆನ್ನಿನ ಮೇಲೆ ಇರುತ್ತವೆ. ಚಕ್ರಗಳ ನಡುವೆ ಉಬ್ಬು ಎಷ್ಟು ಮೇಲೆದ್ದಿರುತ್ತದೆ? 1.2ರ ವರ್ಗ 1.44, ಭಾಗಿಸು 34. ನಾಲ್ಕು ಸೆಂಟಿಮೀಟರಿಗಿಂತ ಕೊಂಚ ಹೆಚ್ಚು. ಐವರು ಕುಳಿತು ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಟ್ಟು ನೆಲದಂತರ 12 ಸೆಂಟಿಮೀಟರಿಗೆ ಇಳಿದಿದ್ದರೂ ಇನ್ನೂ ಎಂಟು ಉಳಿಯಿತು. ಮಾರ್ಗಸೂಚಿಯಂತೆ ಕಟ್ಟಿದ ಉಬ್ಬಿಗೆ ಸುಸ್ಥಿತಿಯಲ್ಲಿರುವ ಯಾವ ಕಾರಿನ ಹೊಟ್ಟೆಯೂ ತಾಗಲಾರದು.

ಹಾಗಾದರೆ ತಾಗುತ್ತಿರುವುದು ಏನು? ನಿವೃತ್ತನ ಬಳಿ ಸಮಯಕ್ಕೆ ಕೊರತೆಯಿಲ್ಲ. ಅಳತೆ ಪಟ್ಟಿ ಹಿಡಿದು ಒಂದು ಬೆಳಗ್ಗೆ ಹೊರಟೆ. ಬಡಾವಣೆಯ ಹೆಸರು ಬೇಡ. ಒಂದು ಉಬ್ಬಿನ ಅಗಲ ಅರವತ್ತು ಸೆಂಟಿಮೀಟರ್, ಎತ್ತರ ಹದಿನೈದು. ಅದರ ತ್ರಿಜ್ಯವನ್ನು ಲೆಕ್ಕ ಹಾಕಿದರೆ (ಉಬ್ಬು ಕಡಿದಾಗಿರುವುದರಿಂದ ಇಲ್ಲಿ ಎತ್ತರದ ಅರ್ಧವನ್ನೂ ಕೂಡಿಸಿಕೊಳ್ಳಬೇಕು, ಮರೆಯಬೇಡಿ) ನಲವತ್ತು ಸೆಂಟಿಮೀಟರೂ ಬರಲಿಲ್ಲ. ಹದಿನೇಳು ಮೀಟರ್ ಇರಬೇಕಾದಲ್ಲಿ ನಲವತ್ತು ಸೆಂಟಿಮೀಟರ್! ಅದನ್ನು ರಸ್ತೆಗೆ ಅಡ್ಡಲಾಗಿ ಹಾಕಿದ ಮರದ ದಿಮ್ಮಿ ಎನ್ನಬೇಕು. ಬಣ್ಣವಿಲ್ಲ, ಎಚ್ಚರಿಕೆಯ ಫಲಕವಿಲ್ಲ. ಅದರ ಹದಿನೈದು ಸೆಂಟಿಮೀಟರ್ ಎತ್ತರವೆಲ್ಲ ಎರಡು ಚಕ್ರಗಳ ನಡುವೆಯೇ ನಿಲ್ಲುತ್ತದೆ. ಹನ್ನೆರಡಕ್ಕೆ ಇಳಿದ ಕಾರಿಗೆ ಮೂರು ಸೆಂಟಿಮೀಟರ್ ಕಡಿಮೆಯಾಯಿತು. ಆ ಮೂರು ಸೆಂಟಿಮೀಟರಿನ ಬಿಲ್ಲೆಯನ್ನು ತಾನೇ ನೀವು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಿರುವುದು? ರಸ್ತೆ ಕಟ್ಟಿದವನು ಮಾಡಿದ ತಪ್ಪಿನ ನಿಖರವಾದ ಅಳತೆ ಅದು. ಅದನ್ನು ಅವನ ಬಿಲ್ಲಿನಿಂದ ಕಳೆಯುವುದರ ಬದಲು ನಿಮ್ಮ ಸ್ಪ್ರಿಂಗಿಗೆ ಸೇರಿಸಿಕೊಂಡು ಬರುತ್ತಿದ್ದೀರಿ.

ಇದು ನಡೆಯುತ್ತಿರುವುದು ಎಂಥ ಊರಿನಲ್ಲಿ! ಕೋಲಾರದ ಚಿನ್ನದ ಗಣಿಯ ಊರಿನಲ್ಲಿ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನ ಕಾರ್ಖಾನೆಯಿದೆ. ಅಲ್ಲಿ ಬುಲ್ಡೋಜರುಗಳೂ ಎಕ್ಸ್‌ಕವೇಟರುಗಳೂ ತಯಾರಾಗುತ್ತವೆ. ಬೆಟ್ಟವನ್ನು ಸಮತಟ್ಟು ಮಾಡುವ ಯಂತ್ರಗಳನ್ನು ದೇಶಕ್ಕೆಲ್ಲ ಕಟ್ಟಿಕೊಟ್ಟ ಕೈಗಳು, ಮನೆ ಮುಂದಿನ ಅರ್ಧ ಅಡಿ ಉಬ್ಬನ್ನು ಸಮ ಮಾಡಿಸಲಾಗದೆ ಕಾರಿನಡಿಗೆ ರಬ್ಬರ್ ಇಡುತ್ತಿವೆ. ಇನ್ನೂ ಹಿಂದಕ್ಕೆ ಹೋಗಿ. 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಅಂದರೆ ನಮ್ಮ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಬಂತು. 1902ರಲ್ಲಿ ತೊಂಬತ್ತು ಮೈಲಿಗೂ ದೂರದ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು. ಪಾಲಾರ್ ನೀರನ್ನು ಬೇತಮಂಗಲದಿಂದ ಕೊಳವೆಯಲ್ಲಿ ತಂದರು. ಕಂಪನಿಯವರು ಇದೆಲ್ಲವನ್ನೂ ಮಾಡಿದ್ದು ಚಿನ್ನಕ್ಕಾಗಿಯೇ ಹೊರತು ಧರ್ಮಕ್ಕಲ್ಲ. ಬಂಗಲೆಗಳ ಬೀದಿಯ ಸೊಗಸು ಕಾರ್ಮಿಕರ ‘ಲೈನು’ಗಳಿಗೆ ಇರಲಿಲ್ಲವೆಂಬುದನ್ನು ಅಲ್ಲಿ ಹುಟ್ಟಿ ಬೆಳೆದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ನೀರು, ಬೆಳಕು, ದಾರಿ ಎಂಬುವು ಎಲ್ಲರಿಗೂ ಸೇರಿ ಒಮ್ಮೆಗೇ ಆಗಬೇಕಾದ ಕೆಲಸಗಳು ಎಂಬ ತಿಳಿವಳಿಕೆ ಆಗ ಇತ್ತು. ಈಗ? ಕರೆಂಟು ಹೋದರೆ ಮನೆಗೊಂದು ಇನ್ವರ್ಟರ್. ನೀರು ಬಾರದಿದ್ದರೆ ಮನೆಗೊಂದು ಬೋರ್‌ವೆಲ್. ಹಳೆಯ ಡಾಂಬರನ್ನು ಕೆತ್ತದೆ ಅದರ ಮೇಲೆಯೇ ಹೊಸ ಡಾಂಬರು ಸುರಿದು ರಸ್ತೆ ಮೇಲೇರಿದರೆ ಹೊಸ್ತಿಲನ್ನು ಏರಿಸುತ್ತೇವೆ. ಬೆಂಗಳೂರಿನಲ್ಲಂತೂ ಇಡೀ ಮನೆಯನ್ನೇ ಜಾಕಿ ಕೊಟ್ಟು ಎತ್ತುತ್ತಾರೆ. ಕಾರಿನ ಸರದಿ ಬರದೆ ಇರುತ್ತದೆಯೇ?

ನಾನು ರಸ್ತೆಯುಬ್ಬುಗಳ ವಿರೋಧಿಯಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ಶಾಲೆಯೊಂದರ ಮುಂದೆ ಉಬ್ಬು ಬೇಕೆಂದು ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಏಳನೆಯ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟ ಹೊತ್ತಿನಲ್ಲಿ ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡ ಮೇಲೆ ಹಾಕಿದ ಅರ್ಜಿ ಅದು. ಅವಳು ಮತ್ತೆ ಸಾಲಿನಲ್ಲಿ ನಿಂತು ಪ್ರಾರ್ಥನೆ ಹೇಳಲು ಒಂದು ಪರೀಕ್ಷೆ ಕಳೆದುಹೋಯಿತು. ಉಬ್ಬು ಇರುವುದೇ ಅಂಥ ಮಕ್ಕಳ ಕಾಲಿಗಾಗಿ. ಅದನ್ನು ಎದುರಿಸಲು ಕಾರನ್ನು ಎತ್ತರಿಸಿ, ಬಿಗಿಯಾದ ಶಾಕ್ ಅಬ್ಸಾರ್ಬರ್ ಹಾಕಿಸಿಕೊಂಡವನು ಏನು ಮಾಡುತ್ತಾನೆ? ಹಿಂದೆ ಮೊದಲನೆಯ ಗೇರಿನಲ್ಲಿ ತೆವಳುತ್ತಿದ್ದವನು ಈಗ ನಲವತ್ತರಲ್ಲಿ ಹಾರಿಸಿಕೊಂಡು ಹೋಗುತ್ತಾನೆ. ಬೀದಿಯವರು ನೋಡುತ್ತಾರೆ, ಉಬ್ಬು ಸಾಲದೆಂದು ಇನ್ನೊಂದು ಬಾಂಡ್ಲಿ ಕಾಂಕ್ರೀಟು ಸುರಿಯುತ್ತಾರೆ. ಕಾರು ಇನ್ನರ್ಧ ಇಂಚು ಏರುತ್ತದೆ. ಈ ಪಂದ್ಯಕ್ಕೆ ಕೊನೆಯಿಲ್ಲ.

ಪಂದ್ಯದಲ್ಲಿ ಸೇರದವರ ಗತಿ ಏನು? ಬೆಳಗಿನ ಐದಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಡುವ ಮೊಪೆಡ್ಡಿನವನಿಗೆ ಎತ್ತರಿಸಿಕೊಳ್ಳಲು ಸ್ಪ್ರಿಂಗು ಎಲ್ಲಿದೆ? ಬೆಂಗಳೂರಿನ ರೈಲು ಹಿಡಿಯಲು ಕತ್ತಲಲ್ಲೇ ಸೈಕಲ್ ತುಳಿಯುವವನಿಗೆ? ಬಸುರಿ ಹೆಣ್ಣುಮಗಳನ್ನು ಕೂರಿಸಿಕೊಂಡು ಕಾಮಸಮುದ್ರದ ಕಡೆಯಿಂದ ಬರುವ ಆಟೋದವನಿಗೆ? ನನ್ನ ಸಹೋದ್ಯೋಗಿಯೊಬ್ಬರ ಪತ್ನಿ ಬಣ್ಣವಿಲ್ಲದ ಉಬ್ಬೊಂದರ ಮೇಲೆ ಸ್ಕೂಟರಿನ ಹಿಂದಿನ ಸೀಟಿನಿಂದ ಎಗರಿ ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದರು. ಆ ದಿನ ಅದೇ ಉಬ್ಬನ್ನು ಎಷ್ಟೋ ಎತ್ತರಿಸಿದ ಕಾರುಗಳು ನಿರಾಯಾಸವಾಗಿ ದಾಟಿದ್ದವು. ದೂರು ಕೊಡಬಲ್ಲ, ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲ, ಅಧಿಕಾರಿಯ ಎದುರು ಕುರ್ಚಿಯಲ್ಲಿ ಕುಳಿತು ಮಾತನಾಡಬಲ್ಲ ಜನ ಯಾರು? ಕಾರುಳ್ಳವರು. ಅವರ ಹೊಟ್ಟೆ ತಾಗುತ್ತಿರುವಷ್ಟು ದಿನ ರಸ್ತೆಯ ಬಗ್ಗೆ ಒಂದು ಗದ್ದಲವಾದರೂ ಇತ್ತು. ಮೂರು ಸೆಂಟಿಮೀಟರ್ ಏರಿದ ಮರುದಿನ ಅವರ ದನಿ ನಿಂತುಹೋಯಿತು. ನನ್ನ ಸಿಟ್ಟಿನ ಮೂಲ ಇದು.

‘ನನ್ನ ಕಾರು, ನನ್ನ ದುಡ್ಡು, ನಿಮಗೇನು ಕಷ್ಟ’ ಎಂದು ನನ್ನ ಸೋದರಳಿಯನೇ ಕೇಳಿದ್ದಾನೆ. ಕಾನೂನಿಗೆ ಹಾಗೆ ಕಾಣುವುದಿಲ್ಲ, ಅಪ್ಪಾ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಂ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಸ್ಪ್ರಿಂಗಿನ ಸಂದಿಯ ರಬ್ಬರನ್ನು ಯಾವ ಪೊಲೀಸನೂ ಬಗ್ಗಿ ನೋಡಲಾರನೆಂಬುದು ನನಗೂ ಗೊತ್ತು. ಆದರೆ ಅಪಘಾತವಾದ ದಿನ ವಿಮೆಯ ಸರ್ವೇಯರ್ ಬಗ್ಗಿ ನೋಡುತ್ತಾನೆ. ಸವೆದ ಶಾಕ್ ಅಬ್ಸಾರ್ಬರ್ ತೆಗೆದು ಅದೇ ಬಗೆಯ ಹೊಸದನ್ನು ಹಾಕಿಸುವುದು ದುರಸ್ತಿ. ಅದಕ್ಕೆ ಈ ಭಯವಿಲ್ಲ.

‘ಹಾಗಾದರೆ ಎತ್ತರದ ಎಸ್‌ಯುವಿಗಳು ಓಡಾಡುತ್ತಿಲ್ಲವೇ?’ ಓಡಾಡುತ್ತಿವೆ. ಅವುಗಳ ಎತ್ತರಕ್ಕೆ ತಕ್ಕಂತೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ವಾಲುವಿಕೆಯನ್ನು ತಡೆಯುವ ಸರಳು, ಚಕ್ರಗಳ ಅಂತರ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ, ಪರೀಕ್ಷಿಸಿ ಕಟ್ಟಿರುತ್ತಾರೆ. ಬೂದಿಕೋಟೆಯ ಕಡೆ ತೋಟದ ಮಣ್ಣುದಾರಿಯಲ್ಲಿ ದಿನವೂ ಓಡಾಡುವ ರೈತ ಅಂಥ ಗಾಡಿಯನ್ನೇ ಕೊಳ್ಳುವುದು ಸರಿ. ಅವನ ಬಗ್ಗೆ ನನಗೆ ಒಂದು ಮಾತೂ ಇಲ್ಲ.

ಗ್ಯಾರೇಜಿನ ನನ್ನ ಶಿಷ್ಯನ ಬಗ್ಗೆಯೂ ಇಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವನ ತಂದೆ ಕೆಲಸ ಕಳೆದುಕೊಂಡವರು. ಇವನು ಓದು ಬಿಟ್ಟು ಸ್ಪ್ಯಾನರ್ ಹಿಡಿದ. ಕೈಚಳಕದಲ್ಲಿ ಅವನನ್ನು ಮೀರಿಸುವವರು ಕಡಿಮೆ. “ಗಿರಾಕಿ ಕೇಳುತ್ತಾನೆ ಸರ್, ನಾನು ಮಾಡದಿದ್ದರೆ ಪಕ್ಕದವನು ಮಾಡುತ್ತಾನೆ” ಎಂದ. ನಿಜವೇ. ಆದರೆ ಈಗ ಬಿಲ್ಲೆ ಕೇಳಿ ಬಂದವರ ಕಾರನ್ನು ಮೊದಲು ಒತ್ತಿ ನೋಡಿ, ದಣಿದು ಕುಗ್ಗಿದ ಸ್ಪ್ರಿಂಗಿದ್ದರೆ ಕಂಪನಿಯ ಹೊಸ ಸ್ಪ್ರಿಂಗನ್ನೇ ಹಾಕಿಸಿಕೊಳ್ಳಿರೆಂದು ಹೇಳುತ್ತಿದ್ದಾನೆ. ಹತ್ತು ವರ್ಷ ಓಡಿದ ಕಾರು ಅಷ್ಟರಿಂದಲೇ ತನ್ನ ಮೊದಲಿನ ಎತ್ತರಕ್ಕೆ ಮರಳುವುದುಂಟು. ಎತ್ತರ ಬೇಕೆನ್ನುವವರು ಇದನ್ನು ಮೊದಲು ಮಾಡಿ ನೋಡಬಾರದೇ?

ಉಬ್ಬಿನ ವಿಷಯಕ್ಕೆ ಬರೋಣ. ಅಳೆಯುವುದು ಸುಲಭ. ಉಬ್ಬಿನ ನೆತ್ತಿಯ ಮೇಲೆ ನೇರವಾದ ಕೋಲೊಂದನ್ನು ಅಡ್ಡಲಾಗಿ, ಮಟ್ಟವಾಗಿ ಹಿಡಿಯಿರಿ. ಕೋಲಿನಿಂದ ರಸ್ತೆಗಿರುವ ಅಂತರ ಅದರ ಎತ್ತರ. ಏರು ಆರಂಭವಾಗುವ ಜಾಗದಿಂದ ಇಳಿಜಾರು ಮುಗಿಯುವ ಜಾಗದವರೆಗೆ ಅಗಲ. ವಾಹನಗಳಿಲ್ಲದ ಹೊತ್ತಿನಲ್ಲಿ, ಒಬ್ಬರು ನಿಂತು ಕಾಯುತ್ತಿರಲಿ. ಒಂದು ಫೋಟೋ ತೆಗೆಯಿರಿ. ಐಆರ್‌ಸಿ 99 ಎಂಬ ಸಂಖ್ಯೆಯನ್ನು ನಮೂದಿಸಿ, ಎರಡು ಅಳತೆಗಳನ್ನೂ ಪಕ್ಕಪಕ್ಕದಲ್ಲಿ ಬರೆದು, ರಸ್ತೆ ಯಾರ ಅಧೀನದಲ್ಲಿದೆಯೋ ಅವರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ‘ಉಬ್ಬು ತೆಗೆಯಿರಿ’ ಎಂದು ಬರೆಯಬೇಡಿ, ‘ಅಳತೆಗೆ ತನ್ನಿರಿ, ಬಣ್ಣ ಬಳಿಯಿರಿ’ ಎಂದು ಬರೆಯಿರಿ. ನಾನು ನಾಲ್ಕು ಉಬ್ಬುಗಳ ಬಗ್ಗೆ ಕೊಟ್ಟ ಅರ್ಜಿಗೆ ಏಳು ತಿಂಗಳ ನಂತರ ಒಂದನ್ನು ಅಗಲಿಸಿ ಕಟ್ಟಿದರು, ಇನ್ನೊಂದಕ್ಕೆ ಬಣ್ಣ ಬಂತು. ಉಳಿದ ಎರಡು ಹಾಗೆಯೇ ಇವೆ. ಎರಡನೆಯ ಅರ್ಜಿ ಸಿದ್ಧವಾಗಿದೆ. ಅದಕ್ಕೆ ಕಾರುಳ್ಳವರ ಸಹಿ ಹೆಚ್ಚು ಬೇಕು. ಮುಂದಿನ ಭಾನುವಾರ ಬೆಳಗ್ಗೆ ಮನೆಯಲ್ಲೇ ಇರುತ್ತೇನೆ. ನಮೂನೆಯ ಪ್ರತಿ ಬೇಕಾದವರು ಬಂದು ಒಯ್ಯಬಹುದು. ಅಳತೆ ಪಟ್ಟಿಯನ್ನೂ ಕೊಡುತ್ತೇನೆ, ಆದರೆ ಕಳೆದ ಸಲ ಒಯ್ದವರು ಇನ್ನೂ ತಂದುಕೊಟ್ಟಿಲ್ಲವಾದುದರಿಂದ ಹೆಸರು ಬರೆಸಿ ಒಯ್ಯಬೇಕು.